ಹೊಲ ಕಾದವನಿಗೆ ಕವಣೆ, ಹೊಲದೊಡೆಯನಿಗೆ ಕೋವಿ

ಬೆಳೆ ತಿನ್ನುವ ಪ್ರಾಣಿಯನ್ನು ಹೊಡೆಯುವ ಹಕ್ಕು ಯಾರದು? ಹೀಗೆ ಕೇಳಿದ ತಕ್ಷಣ ಅರಣ್ಯ ಇಲಾಖೆಯವರು ಕಾಯಿದೆ ಪುಸ್ತಕ ತೆಗೀತಾರೆ. ಪೊಲೀಸರು ಲೈಸೆನ್ಸ್ ಎಲ್ಲಿ ಅಂತಾರೆ. ಪಟ್ಟಣದ ಪ್ರಾಣಿಪ್ರಿಯರು ಕಣ್ಣೀರು ಹಾಕುತ್ತಾರೆ. ಜಮೀನ್ದಾರರು ರೈತರ ಹೆಸರಿನಲ್ಲಿ ಮನವಿಪತ್ರ ಬರೆಯುತ್ತಾರೆ. ಇವರೆಲ್ಲರ ಬಾಯಲ್ಲೂ 'ರೈತ' ಎನ್ನುವ ಪದ ಒಂದೇ. ಆದರೆ ಹೊಲದಲ್ಲಿರುವವರು ಇಬ್ಬರು. ಒಬ್ಬ, ಪಹಣಿಯಲ್ಲಿ ಹೆಸರಿರುವವನು. ಇನ್ನೊಬ್ಬ, ಕಂಬಳಿ ಹೊದ್ದು ಮಾಳದ ಮೇಲೆ ಕೂತು ಬೆಳಗಿನ ಜಾವದವರೆಗೆ ತಗಡು ಬಡಿಯುವವನು. ಕೋವಿಯ ಚರಿತ್ರೆ ಮೊದಲನೆಯವನ ಚರಿತ್ರೆ. ನಾವು ಎರಡನೆಯವನ ಮಕ್ಕಳು. ನಮ್ಮ ಮನೆಗಳಲ್ಲಿ ಮೊದಲ ಸಲ ಪದವಿ ಕಾಗದ ಕಂಡವರು. ಆದ್ದರಿಂದ ಈ ಚರಿತ್ರೆಯನ್ನು ಕೋವಿ ಹಿಡಿದವನ ಬೆನ್ನ ಹಿಂದೆ ನಿಂತು ಓದುವುದು ನಮ್ಮಿಂದ ಆಗದು. ಅವನ ಎದುರಿಗೆ ಹಳು ನುಗ್ಗಿ ಪ್ರಾಣಿ ಎಬ್ಬಿಸಿದವರ ಕಡೆಯಿಂದ ಓದಬೇಕಾಗಿದೆ.

ಮೊದಲು ಒಂದು ಕಲ್ಲಿನ ಮಾತು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ವೀರಗಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ಸರದಾರನಿಗೆ, ಮೆಚ್ಚಿದೆ, ಬೇಡಿಕೋ ಎಂಬ ಮಾತು ಸಿಕ್ಕಿತು. ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನೆಟ್ಟರು, ಭೂಮಿ ಬಿಟ್ಟರು, ಪೂಜೆಗೆ ಗೊರವನನ್ನು ಇಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಎಂದು ಬರೆಸಿದರು. ನಾಯಿಯನ್ನು ಪ್ರೀತಿಸಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಾವು ಕೇಳಬೇಕಾದ್ದು ಬೇರೆ ಇದೆ. ಆ ನಾಯಿಗೆ ಹೆಸರಿದೆ, ಕಲ್ಲಿದೆ, ಭೂಮಿ ಇದೆ. ಹಂದಿಯ ಜಾಡು ಹಿಡಿದವರು, ಹಳುವಿಗೆ ನುಗ್ಗಿ ಅದನ್ನು ಎಬ್ಬಿಸಿದವರು ಯಾರಾದರೂ ಇದ್ದರೆ ಅವರಿಗೆ ಆ ಕಲ್ಲಿನ ಮೇಲೆ ಒಂದು ಅಕ್ಷರವೂ ಇಲ್ಲ. ನಮ್ಮ ಜನರ ಚರಿತ್ರೆ ಬರೆಯುವವರು ಶಾಸನದಲ್ಲಿ ಇರುವುದರ ಜೊತೆಗೆ ಇಲ್ಲದ್ದನ್ನೂ ಓದಬೇಕಾಗುತ್ತದೆ.

ಹೊಲ ಕಾಯುವ ಕೆಲಸ ಯಾರದು ಎಂಬುದಕ್ಕೆ ಕಾಗದದ ಸಾಕ್ಷಿಯೇ ಇದೆ. ಈಸ್ಟ್ ಇಂಡಿಯಾ ಕಂಪನಿಯ ವ್ಯವಹಾರದ ಬಗ್ಗೆ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ 1812ರಲ್ಲಿ 'ಐದನೆಯ ವರದಿ' ಬಂತು. ದಕ್ಷಿಣದ ಹಳ್ಳಿಗಳ ಆಯಗಾರರ ಪಟ್ಟಿ ಅದರಲ್ಲಿದೆ. ಗೌಡ, ಶಾನುಭೋಗರ ನಂತರ ತಳವಾರ, ತೋಟಿ ಬರುತ್ತಾರೆ. ತೋಟಿಯ ಕೆಲಸವೇನು ಎಂದರೆ ಬೆಳೆ ಕಾಯುವುದು, ಬೆಳೆ ಅಳೆಯುವಾಗ ಸಹಾಯ ಮಾಡುವುದು. ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಈ ತೋಟಿತನ ಹೊಲೆಗೇರಿಯ ಪಾಲಿಗೆ ಬಂದದ್ದು ಎಲ್ಲರಿಗೂ ಗೊತ್ತು. ಕಣದಲ್ಲಿ ಗುಡಿಸಿ ಉಳಿದದ್ದರಲ್ಲಿ ಒಂದಿಷ್ಟು ಆಯ. ಅದಕ್ಕೆ ಬದಲಾಗಿ ರಾತ್ರಿಯೆಲ್ಲ ಹಂದಿ, ಜಿಂಕೆ, ಆನೆಯ ಎದುರು ನಿಲ್ಲಬೇಕು. ಕೈಯಲ್ಲಿ ಏನು? ಕವಣೆ, ಕೋಲು, ಪಂಜು, ತಮಟೆ. ತಮಟೆಯನ್ನು ದೇವರ ಮೆರವಣಿಗೆಗೆ, ಹೆಣದ ಮುಂದೆ ಬಡಿದದ್ದನ್ನು ಮಾತ್ರ ನಾವು ಹೇಳಿಕೊಂಡು ಬಂದಿದ್ದೇವೆ. ಊರಿನ ಅನ್ನವನ್ನು ಕಾಡುಪ್ರಾಣಿಯಿಂದ ಉಳಿಸಿದ್ದೂ ಅದೇ ತಮಟೆ.

ಈಗ ಕೋವಿಗೆ ಬರೋಣ. ನಮ್ಮ ದೇಶಕ್ಕೆ ಕೋವಿಯ ಕಾನೂನು ತಂದವರು ಇಂಗ್ಲಿಷರು. ಅವರ ಊರಿನಲ್ಲಿ ಏನಿತ್ತು ನೋಡಿ. 1671ರಲ್ಲಿ ಅಲ್ಲಿ ಬೇಟೆಯ ಕಾಯಿದೆ ಮಾಡಿದರು. ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಭೂಮಿ ಇದ್ದವನು ಮಾತ್ರ ಬೇಟೆಯಾಡಬಹುದು. ಮೊಲ ಬಂದು ಗೇಣಿದಾರನ ಕೋಸು ತಿನ್ನುತ್ತದೆ. ಗೇಣಿದಾರ ಮೊಲ ಮುಟ್ಟಿದರೆ ಕಳ್ಳ. 1723ರ 'ಕರಾಳ ಕಾಯಿದೆ'ಯಂತೂ ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಕದ್ದವರಿಗೆ ನೇಣು ಎಂದಿತು. ಭೂಮಿಯ ಯೋಗ್ಯತೆಯ ಷರತ್ತು ಹೋದದ್ದು 1831ರಲ್ಲಿ. ಆಮೇಲೂ ಧಣಿಗಳು ಗೇಣಿ ಪತ್ರದಲ್ಲೇ ಬೇಟೆಯ ಹಕ್ಕನ್ನು ತಮಗೆ ಉಳಿಸಿಕೊಂಡರು. ಕೊನೆಗೆ 1880ರಲ್ಲಿ ಗ್ಲಾಡ್‌ಸ್ಟನ್ ಸರ್ಕಾರ ಒಂದು ಕಾನೂನು ತಂದಿತು. ತಾನು ಉಳುವ ನೆಲದಲ್ಲಿ ಮೊಲಗಳನ್ನು ಕೊಲ್ಲುವ ಹಕ್ಕು ಗೇಣಿದಾರನಿಗೂ ಇದೆ, ಯಾವ ಕರಾರು ಬರೆಸಿಕೊಂಡರೂ ಆ ಹಕ್ಕನ್ನು ಕಿತ್ತುಕೊಳ್ಳುವ ಹಾಗಿಲ್ಲ ಎಂದಿತು. ಅದೇ ಕಾಲಕ್ಕೆ ಅಲ್ಲಿ ಮೊಲ, ಕಾಗೆಯ ಜಾತಿಯ ಹಕ್ಕಿಗಳನ್ನು ಹೊಡೆಯಲೆಂದೇ ಸಣ್ಣ ನಳಿಗೆಯ ರೈಫಲ್ಲುಗಳು ಬಳಕೆಗೆ ಬಂದಿದ್ದವು.

ಗಮನಿಸಬೇಕು: ಉಳುವವನಿಗೆ ಬೆಳೆ ಕಾಯುವ ಹಕ್ಕು ಕೊಡಬೇಕೆಂದು ಇಂಗ್ಲೆಂಡಿನಲ್ಲಿ ಒಪ್ಪಿಕೊಂಡದ್ದು 1880ರಲ್ಲಿ. ಅದಕ್ಕೆ ಎರಡೇ ವರ್ಷ ಮುಂಚೆ, 1878ರಲ್ಲಿ, ಅದೇ ಸಾಮ್ರಾಜ್ಯ ಇಲ್ಲಿ ಇಂಡಿಯನ್ ಆರ್ಮ್ಸ್ ಆಕ್ಟ್ ತಂದಿತ್ತು. 1857ರ ದಂಗೆಯ ಭಯದಲ್ಲಿ 1860ರಲ್ಲೇ ಒಂದು ಕಾಯಿದೆ ಆಗಿತ್ತು. ವೈಸರಾಯ್ ಲಿಟ್ಟನ್ ಅದನ್ನು ಬಿಗಿ ಮಾಡಿದ. ಪರವಾನಗಿ ಇಲ್ಲದೆ ಯಾರೂ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ಯುರೋಪಿಯನ್ನರಿಗೆ ವಿನಾಯಿತಿ. ಅದೇ ಲಿಟ್ಟನ್ ಅದೇ 1878ರಲ್ಲಿ ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆಯನ್ನೂ ತಂದ. ಪತ್ರಿಕಾ ಕಾಯಿದೆಯನ್ನು 1882ರಲ್ಲಿ ರಿಪನ್ ತೆಗೆದುಹಾಕಿದ. ಕೋವಿಯ ಕಾಯಿದೆ ಮಾತ್ರ ಸ್ವಾತಂತ್ರ್ಯ ಬಂದ ಮೇಲೂ ಉಳಿದಿತ್ತು.

ಹಾಗಂತ ಇಂಗ್ಲಿಷರು ಬೆಳೆಯನ್ನು ಮರೆಯಲಿಲ್ಲ. ಕಂದಾಯ ಬರುವುದೇ ಬೆಳೆಯಿಂದ. ಮನುಷ್ಯರಿಗೆ, ದನಕರುಗಳಿಗೆ, ಪೈರಿಗೆ ಹಾನಿ ಮಾಡುವ ಪ್ರಾಣಿಗಳನ್ನು ಕೊಲ್ಲಲು ಬೇರೆ ಪರವಾನಗಿಯನ್ನೇ ಇಟ್ಟರು. ಕೊಂದು ತಂದವರಿಗೆ ಇನಾಮು ಕೊಟ್ಟರು. ಚರಿತ್ರೆಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದಂತೆ 1875ರಿಂದ 1925ರವರೆಗಿನ 50 ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, 2,00,000 ತೋಳಗಳನ್ನು ಕೊಲ್ಲಲಾಯಿತು. ಹುಲಿ ಚಿರತೆ ಹೋದ ಮೇಲೆ ಹಂದಿಯನ್ನು ತಿನ್ನುವವರು ಯಾರು? ಇಂದು ಹಂದಿ ಹೆಚ್ಚಾಯ್ತು ಅಂತ ಗೋಳಾಡುವವರು ಈ ಪ್ರಶ್ನೆಯನ್ನೂ ಹಾಕಿಕೊಳ್ಳಬೇಕು.

ದೊರೆಗಳ ಶಿಕಾರಿಯ ಮಾತು ಬೇರೆಯೇ. ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅದರ ಹೆಸರನ್ನು ಕನ್ನಡಿಸಿದರೆ 'ಮೈಸೂರಿನಲ್ಲಿ ಚಿನ್ನ, ಬೇಟೆ ಮತ್ತು ಕಾಫಿ ತೋಟಗಾರಿಕೆ' ಎಂದಾಗುತ್ತದೆ. ಚಿನ್ನ, ಬೇಟೆ, ಕಾಫಿ. ನಮ್ಮ ಸೀಮೆಯಿಂದ ಅವರಿಗೆ ಏನೇನು ಬೇಕಾಗಿತ್ತು ಎಂಬುದು ಹೆಸರಿನಲ್ಲೇ ಮುಗಿಯಿತು. ಚಿನ್ನದ ಗಣಿಗೆ ಇಳಿದವರು, ಕಾಫಿ ಗಿಡಕ್ಕೆ ಗುಂಡಿ ತೋಡಿದವರು, ಶಿಕಾರಿಗೆ ಸೋವಿದವರು ಆ ಮೂರು ಪದಗಳ ಕೆಳಗೆ ಹೂತುಹೋದರು. ದೊರೆ ಮರದ ಮೇಲೆ ಕೂರುತ್ತಾನೆ. ಗಾಯಗೊಂಡ ಪ್ರಾಣಿ ನೆಲದ ಮೇಲೆ ಇರುತ್ತದೆ. ಸೋವುವವನೂ ನೆಲದ ಮೇಲೆ ಇರುತ್ತಾನೆ. ದೊರೆ ಹೋದ ಮೇಲೆ ಮರ ಹತ್ತಿ ಕೂತವರು ನಮ್ಮ ಊರಿನ ಗೌಡರು, ಹೆಗ್ಗಡೆಗಳು. ನೆಲದ ಮೇಲಿನವನು ಅಲ್ಲೇ ಉಳಿದ. ಬೇಟೆಯ ಮಾಂಸ ಪಾಲು ಮಾಡುವಾಗ ಈಡು ಹೊಡೆದವನಿಗೆ ಒಂದು ಪಾಲು, ನಾಯಿಗೆ ಒಂದು ಪಾಲು ಎಂಬ ಪದ್ಧತಿ ಹಲವು ಕಡೆ ಇದೆ. ಪಾಲಿನ ಕ್ರಮ ನೋಡಿದರೆ ಸಾಕು, ಊರಿನ ಕ್ರಮ ಗೊತ್ತಾಗುತ್ತದೆ.

ಕೊಡಗಿನ ಕತೆ ಇದಕ್ಕೆ ಇನ್ನೊಂದು ಸಾಕ್ಷಿ. 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ಕೊಡವರ ನಿಷ್ಠೆಯನ್ನು ಹೊಗಳಿ, ಅವರನ್ನು ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಹೊರಗಿಟ್ಟ. ಮುಂದೆ ನಿಯಮಗಳಲ್ಲಿ ಎರಡು ಗುರುತು ನಿಂತವು: ಕೊಡವ ಜನಾಂಗದವನಾಗಿರಬೇಕು, ಇಲ್ಲವೇ ಜಮ್ಮಾ ಭೂಮಿ ಹಿಡಿದವನಾಗಿರಬೇಕು. 2019ರಲ್ಲಿ ಕೇಂದ್ರ ಸರ್ಕಾರ ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೊಡವರ ಮನೆಯಲ್ಲಿ ಕೋವಿ ಹುಟ್ಟು ಸಾವಿನ ಜೊತೆಗೆ ಬೆರೆತ ಸಂಪ್ರದಾಯ. ಅದನ್ನು ಹಳಿಯುವುದು ನಮ್ಮ ಕೆಲಸವಲ್ಲ. ನಾವು ಕೇಳುವುದು ಇಷ್ಟೇ: ಜಮ್ಮಾ ಗದ್ದೆಗಳಲ್ಲಿ ಮಂಡಿಯುದ್ದ ಕೆಸರಿನಲ್ಲಿ ನಿಂತು ನಾಟಿ ಮಾಡಿದ ಹೊಲೆಯರು, ಯರವರು ತಲೆಮಾರುಗಟ್ಟಲೆ ಜೀತದಲ್ಲಿದ್ದರು. ಅದೇ ಗದ್ದೆಗೆ ಅದೇ ಹಂದಿ ಬರುತ್ತಿತ್ತು. ಜಮ್ಮಾ ಹಿಡಿದವನಿಗೆ ಭೂಮಿಯೊಂದಿಗೆ ಕೋವಿ ಬಂತು. ದುಡಿದವನಿಗೆ ಭೂಮಿಯೂ ಬರಲಿಲ್ಲ, ಕೋವಿಯೂ ಬರಲಿಲ್ಲ.

ಇಲ್ಲಿ ಕೆಲವರು ಹೇಳುತ್ತಾರೆ: ಅವರಿಗೆ ಕೋವಿ ಹಿಡಿದು ಗೊತ್ತಿಲ್ಲ ಕಣ್ರೀ, ಅದಕ್ಕೇ ಕೊಡಲಿಲ್ಲ. ಇದು ಹಸಿ ಸುಳ್ಳು. ಬೊಂಬಾಯಿ ಸೈನ್ಯದಲ್ಲಿ ಮಹಾರರು ಕೋವಿ ಹಿಡಿದಿದ್ದರು. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ನಿಂತು ಹೋರಾಡಿದ್ದರು. 1890ರ ದಶಕದಲ್ಲಿ 'ಯೋಧ ಜನಾಂಗ' ಎಂಬ ಹೊಸ ಸಿದ್ಧಾಂತ ಹೊಸೆದು ಅವರ ನೇಮಕಾತಿಯನ್ನೇ ನಿಲ್ಲಿಸಿದರು. ಗೋಪಾಲ ಬಾಬಾ ವಲಂಗ್ಕರ್ ಅದರ ವಿರುದ್ಧ ಮನವಿ ಬರೆದರು. ಬಾಬಾಸಾಹೇಬರ ತಂದೆ ಕೂಡ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಮುಂದೆ ಎರಡನೆಯ ಮಹಾಯುದ್ಧ ಬಂದು ಜನ ಬೇಕಾದಾಗ 1941ರಲ್ಲಿ ನಮ್ಮದೇ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟನ್ನು ಕಟ್ಟಿದರು. ಸಾಯಲು ಜನ ಬೇಕಾದಾಗ ನಮ್ಮ ಕೈಗೆ ಕೋವಿ ಬರುತ್ತದೆ. ಬದುಕಲು, ಬೆಳೆ ಉಳಿಸಿಕೊಳ್ಳಲು ಕೇಳಿದಾಗ ಕೈ ಅಯೋಗ್ಯವಾಗುತ್ತದೆ.

ಬೇರೆ ದೇಶದ ಕರಿಯ ಅಣ್ಣತಮ್ಮಂದಿರ ಕತೆಯೂ ಇದೇ. ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ಹೋಯಿತು. ಅದೇ ವರ್ಷ ಮಿಸಿಸಿಪಿ ರಾಜ್ಯ ಕಾನೂನು ಮಾಡಿ, ಬಿಡುಗಡೆಯಾದ ಕರಿಯರು ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ ಎಂದಿತು. 1887ರಲ್ಲಿ ಅದೇ ದೇಶದ ಸ್ಟೀವನ್ಸ್ ಕಂಪನಿ .22 ಲಾಂಗ್ ರೈಫಲ್ ಎಂಬ ಪುಟ್ಟ ತೋಟಾ ಮಾಡಿತು. ಗುಂಡಿನ ಅಗಲ ಸುಮಾರು 5.6 ಮಿಲಿಮೀಟರ್, ತೂಕ ಎರಡೂವರೆ ಗ್ರಾಮಿನ ಆಸುಪಾಸು. ಅಗ್ಗ, ಸದ್ದು ಕಡಿಮೆ, ಹೆಗಲಿಗೆ ಒದೆತವಿಲ್ಲ. ಹೊಲ ಕೆಡಿಸುವ ಬಿಲದ ಪ್ರಾಣಿಗಳನ್ನು, ಕಾಗೆಗಳನ್ನು ಹೊಡೆಯಲು ಅಲ್ಲಿನ ರೈತರ ಮನೆಮನೆಗೆ ಅದು ಹೋಯಿತು. 1930ರ ಹೊತ್ತಿಗೆ ಇದೇ ಒಂದು ಹವ್ಯಾಸವಾಗಿ, ಅದಕ್ಕೇ ಬೇರೆ ರೈಫಲ್ಲು, ಬೇರೆ ತೋಟಾ ತಯಾರಾದವು. ಆಯುಧ ಸಣ್ಣದೋ ದೊಡ್ಡದೋ, ಯಾರ ಹೊಲ, ಯಾರ ಕೈ ಎಂಬ ಪ್ರಶ್ನೆ ಅಲ್ಲೂ ತಪ್ಪಲಿಲ್ಲ.

ನಮ್ಮ ಸ್ವಾತಂತ್ರ್ಯ ಹೋರಾಟದವರು ಈ ಆರ್ಮ್ಸ್ ಆಕ್ಟಿನ ವಿರುದ್ಧ ಗುಡುಗಿದ್ದುಂಟು. ಅಹಿಂಸೆಯ ಗಾಂಧೀಜಿಯೇ 1930ರ ಜನವರಿಯಲ್ಲಿ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಕೋವಿಯ ಪರವಾನಗಿ ಕೊಡಿ ಎಂಬುದೂ ಒಂದು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲೂ ನಿಯಮಕ್ಕೆ ಒಳಪಟ್ಟು ಆಯುಧ ಹೊಂದುವ ಹಕ್ಕು ಸೇರಿತ್ತು. ಅಧಿಕಾರ ಬಂತು. ಸಂವಿಧಾನದಲ್ಲಿ ಆ ಹಕ್ಕು ಬರಲಿಲ್ಲ. ಬರದೇ ಇದ್ದದ್ದು ಒಳ್ಳೆಯದೇ ಆಯಿತು ಎನ್ನಿಸುತ್ತದೆ. ಆಯುಧ ಹಕ್ಕಾದರೆ ಕೊಳ್ಳುವ ಶಕ್ತಿ ಇರುವವನಿಗೇ ಅದು ಹಕ್ಕಾಗುತ್ತದೆ. ಆದರೆ ಹಕ್ಕಿನ ಬದಲು ಬಂದದ್ದೇನು?

1959ರಲ್ಲಿ ಹೊಸ ಆರ್ಮ್ಸ್ ಆಕ್ಟ್ ಬಂತು, 1962ರ ಅಕ್ಟೋಬರಿನಿಂದ ಜಾರಿಯಾಯಿತು. ಅದರ 13ನೆಯ ಸೆಕ್ಷನ್ನನ್ನು ನಮ್ಮ ಗೆಳೆಯರು ಒಮ್ಮೆ ಓದಬೇಕು. ಬೆಳೆ ರಕ್ಷಣೆಗೆಂದು ನಿಜವಾಗಿ ಬೇಕಾದವನಿಗೆ ಮದ್ದನ್ನು ಬಾಯಿಂದ ತುಂಬುವ ಕೋವಿ, ಅಂದರೆ ನಮ್ಮ ಕೇಪಿನ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಅನ್ನಿಸಿದರೆ ಮಾತ್ರ ಬೇರೆ ಕೋವಿ. ಹಾಗಾದರೆ ಆ ಸಣ್ಣ .22 ರೈಫಲ್ಲು ಯಾರಿಗೆ? ಅದೇ ಸೆಕ್ಷನ್ನಿನ ಮುಂದಿನ ಸಾಲು ಹೇಳುತ್ತದೆ: ರೈಫಲ್ ಕ್ಲಬ್ಬಿನ ಸದಸ್ಯರಿಗೆ, ಗುರಿ ಅಭ್ಯಾಸ ಮಾಡಲು. ಅಕ್ಕಪಕ್ಕದ ಎರಡು ಸಾಲುಗಳಲ್ಲಿ ಎರಡು ಭಾರತ. ಪಟ್ಟಣದ ಕ್ಲಬ್ಬಿನಲ್ಲಿ ಕಾಗದದ ವೃತ್ತಕ್ಕೆ ಹೊಡೆಯುವವನಿಗೆ ಕರಾರುವಾಕ್ಕಾದ ರೈಫಲ್ಲು. ರಾಗಿ ಹೊಲದಲ್ಲಿ ಹಂದಿಯ ಎದುರು ನಿಂತವನಿಗೆ ಅಜ್ಜನ ಕಾಲದ ಕೋವಿ.

ಕೇಪಿನ ಕೋವಿ ಅಂದರೆ ಏನೆಂದು ಪಟ್ಟಣದ ಓದುಗರಿಗೆ ಹೇಳಬೇಕು. ನಳಿಗೆಯ ಬಾಯಿಗೆ ಮಸಿ ಸುರಿಯಬೇಕು. ಅದರ ಮೇಲೆ ಕತ್ತವೋ ಬಟ್ಟೆಯೋ ತುರುಕಿ ಗಜದಿಂದ ಗುದ್ದಬೇಕು. ಆಮೇಲೆ ಚರೆ ಹಾಕಬೇಕು, ಮತ್ತೆ ಗುದ್ದಬೇಕು. ಕೊನೆಗೆ ಕೇಪು ಇಟ್ಟು ಕುದುರೆ ಎಳೆಯಬೇಕು. ಮಳೆಯ ತೇವಕ್ಕೆ ಮಸಿ ಸತ್ತಿರುತ್ತದೆ. ಒಂದು ಈಡು ತಪ್ಪಿತೋ, ಇನ್ನೊಂದು ತುಂಬುವಷ್ಟರಲ್ಲಿ ಹಂದಿ ಪಕ್ಕದ ಹೊಲದಲ್ಲಿ ಊಟ ಮಾಡುತ್ತಿರುತ್ತದೆ, ಇಲ್ಲವೇ ಮೈಮೇಲೇ ಬಂದಿರುತ್ತದೆ. ಮದ್ದು ಹೆಚ್ಚಾದರೆ ನಳಿಗೆ ಒಡೆದು ಹೊಡೆದವನ ಕೈಯೇ ಹೋಗುತ್ತದೆ. ಚುನಾವಣೆ ಬಂದರೆ ಆ ಕೋವಿಯನ್ನೂ ಠಾಣೆಗೆ ಒಪ್ಪಿಸಿ ಬರಬೇಕು. ಹಂದಿಗೆ ನೀತಿಸಂಹಿತೆ ಇಲ್ಲ.

ಇಂಥ ಕೋವಿಯಾದರೂ ಯಾರಿಗೆ? ಅರ್ಜಿಯಲ್ಲಿ ಕೇಳುತ್ತಾರೆ: ಜಮೀನು ಎಲ್ಲಿದೆ, ಎಷ್ಟು ಸಾಗುವಳಿ ಮಾಡುತ್ತಿದ್ದೀಯ. ಇಲ್ಲಿ ನಮ್ಮ ಜನ ನಿಂತುಹೋಗುತ್ತಾರೆ. ಕಾಡಂಚಿನಲ್ಲಿ ಬಗರ್ ಹುಕುಂ ಮಾಡಿಕೊಂಡವನು ನಮೂನೆ 50 ಹಾಕಿದ, 53 ಹಾಕಿದ, 57 ಹಾಕಿದ. ಅಪ್ಪ ಹಾಕಿದ ಅರ್ಜಿಗೆ ಮಗ ಓಡಾಡುತ್ತಿದ್ದಾನೆ. ಪಹಣಿ ಇಲ್ಲ. ಪಹಣಿ ಇಲ್ಲದವನ ಬೆಳೆ ಸರ್ಕಾರದ ಕಣ್ಣಿಗೆ ಬೆಳೆಯೇ ಅಲ್ಲ. ಪರಿಹಾರದ ಅರ್ಜಿಗೂ ಪಹಣಿ ಬೇಕು. ವಿಚಿತ್ರವೆಂದರೆ ಪ್ರಾಣಿ ಮೊದಲು ಬರುವುದು ಇವನ ಹೊಲಕ್ಕೇ. ಊರೊಳಗಿನ ನೀರಾವರಿ ಭೂಮಿ ಒಬ್ಬರದು, ಕಾಡಿಗೆ ಅಂಟಿದ ಕಲ್ಲು ನೆಲ ಇನ್ನೊಬ್ಬರದು. ಇದು ದೇವರು ಹಂಚಿದ್ದಲ್ಲ. ದೊಡ್ಡ ಹಿಡುವಳಿದಾರನ ತೋಟಕ್ಕೆ ನಮ್ಮ ತುಂಡು ಹೊಲಗಳೇ ಬೇಲಿಯಾಗಿವೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅರಮನೆ, ಬಂಗಲೆಗಳ ಶಿಕಾರಿ ನಿಂತಿತು. ಇದನ್ನು ನಾವು ಸ್ವಾಗತಿಸುತ್ತೇವೆ. ಆ ಕಾಯಿದೆಯ 11ನೆಯ ಸೆಕ್ಷನ್, ಬೆಳೆಗೆ ಅಪಾಯವಾದ ಪ್ರಾಣಿಯನ್ನು ಕೊಲ್ಲಲು ಅಧಿಕಾರಿ ಕಾರಣ ಬರೆದು ಅನುಮತಿ ಕೊಡಬಹುದು ಎನ್ನುತ್ತದೆ. ಅನುಮತಿ ಸಿಕ್ಕಿದರೂ ಹೊಡೆಯಲು ಕೋವಿ ಬೇಕು. ಕೋವಿಗೆ ಪರವಾನಗಿ, ಪರವಾನಗಿಗೆ ಭೂಮಿ. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಕೋವಿ ಇಲ್ಲದವನು ಏನು ಮಾಡುತ್ತಾನೆ? ಉರುಳು ಹಾಕುತ್ತಾನೆ. ಬೇಲಿಗೆ ಕಳ್ಳ ಕರೆಂಟು ಕೊಡುತ್ತಾನೆ. ಹಂದಿಗೆ ಇಟ್ಟ ತಂತಿಗೆ ಆನೆ ಬೀಳುತ್ತದೆ, ದನ ಬೀಳುತ್ತದೆ, ಕತ್ತಲಲ್ಲಿ ನೀರು ಕಟ್ಟಲು ಹೋದ ಕೂಲಿಯವನೂ ಬೀಳುತ್ತಾನೆ. ಆಗ ಪತ್ರಿಕೆಗಳಲ್ಲಿ ಅವನು ಕ್ರೂರಿ. ಲೈಸೆನ್ಸ್ ಇದ್ದವನು ಬೆಳೆ ರಕ್ಷಕ, ಉರುಳು ಹಾಕಿದವನು ಕಳ್ಳಬೇಟೆಗಾರ. ಹಂದಿ ಒಂದೇ, ಹಸಿವು ಒಂದೇ, ಹೆಸರು ಮಾತ್ರ ಎರಡು.

ಇತ್ತೀಚಿನ ಕತೆ ಇನ್ನೂ ಸ್ವಾರಸ್ಯ. ಕಾಯಿದೆಯ 62ನೆಯ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಒಂದು ಪ್ರಾಣಿಯನ್ನು ಒಂದು ಪ್ರದೇಶದಲ್ಲಿ, ಒಂದು ಅವಧಿಗೆ 'ಪೀಡೆ' ಎಂದು ಸಾರಬಹುದು. 2015ರ ಡಿಸೆಂಬರಿನಲ್ಲಿ ಬಿಹಾರದಲ್ಲಿ ನೀಲಗಾಯಿ ಮತ್ತು ಕಾಡುಹಂದಿ, 2016ರಲ್ಲಿ ಉತ್ತರಾಖಂಡದಲ್ಲಿ ಕಾಡುಹಂದಿ, ಹಿಮಾಚಲದಲ್ಲಿ ಕೋತಿ ಹೀಗೆ ಪೀಡೆಯಾದವು. 2016ರ ಜೂನಿನಲ್ಲಿ ಬಿಹಾರದ ಮೊಕಾಮಾದಲ್ಲಿ 200ಕ್ಕೂ ಹೆಚ್ಚು ನೀಲಗಾಯಿಗಳನ್ನು ಹೊಡೆದರು. ಹೊಡೆದವರು ಅಲ್ಲಿನ ಗೇಣಿದಾರರಲ್ಲ, ಹೈದರಾಬಾದಿನಿಂದ ಕರೆಸಿದ ಗುರಿಕಾರರು. ದೆಹಲಿಯಲ್ಲಿ ಇಬ್ಬರು ಕೇಂದ್ರ ಮಂತ್ರಿಗಳು ಇದರ ಮೇಲೆ ಜಗಳವಾಡಿದರು. 2022ರಲ್ಲಿ ಕೇರಳ ಸರ್ಕಾರ ಕಾಡುಹಂದಿ ಕೊಲ್ಲಿಸುವ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರಿಗೆ ಕೊಟ್ಟಿತು. ಅಲ್ಲೂ ಹೊಡೆಯುವವನು ಪರವಾನಗಿ ಇದ್ದವನೇ. ಮಾಳದ ಮೇಲೆ ಕೂತವನನ್ನು ಯಾವ ಮಂತ್ರಿಯೂ ಕೇಳಲಿಲ್ಲ.

ಕೋವಿ ಹಂದಿಯ ಕಡೆಗೇ ತಿರುಗಿರುತ್ತದೆ ಎಂದು ನಂಬುವಷ್ಟು ಮುಗ್ಧರು ನಾವಲ್ಲ. 1997ರ ಡಿಸೆಂಬರ್ 1ರ ರಾತ್ರಿ ಬಿಹಾರದ ಲಕ್ಷ್ಮಣಪುರ ಬಾಥೆಯಲ್ಲಿ ಭೂಮಾಲೀಕರ ರಣವೀರ ಸೇನೆ 58 ಜನರನ್ನು ಕೊಂದಿತು. ಸತ್ತವರಲ್ಲಿ ಹೆಂಗಸರು, ಎಳೆಯ ಮಕ್ಕಳು. ಊರಿನಲ್ಲಿ ಒಬ್ಬನ ಗೋಡೆಗೆ ಕೋವಿ ತೂಗುಹಾಕಿದ್ದರೆ ಅದು ಗುಂಡು ಹಾರಿಸದೆಯೂ ಕೆಲಸ ಮಾಡುತ್ತದೆ. ಕೂಲಿ ಹೆಚ್ಚಿಸಿ ಎನ್ನುವ ಮಾತು ಗಂಟಲಲ್ಲೇ ನಿಲ್ಲುತ್ತದೆ. ಇದು ಸರ್ಕಾರಕ್ಕೂ ಗೊತ್ತಿದೆ. ಗೊತ್ತಿರುವುದಕ್ಕೆ ದಾಖಲೆಯೇ ಇದೆ. 1989ರ ದೌರ್ಜನ್ಯ ತಡೆ ಕಾಯಿದೆಯ ಕೆಳಗೆ 1995ರಲ್ಲಿ ಮಾಡಿದ ನಿಯಮಗಳಲ್ಲಿ ಮೂರನೆಯದನ್ನು ತೆಗೆದು ನೋಡಿ. ದೌರ್ಜನ್ಯ ನಡೆಯುವ ಪ್ರದೇಶದಲ್ಲಿ ಪರಿಶಿಷ್ಟರಲ್ಲದವರ ಕೋವಿಯ ಪರವಾನಗಿ ರದ್ದು ಮಾಡಿ ಆಯುಧಗಳನ್ನು ಸರ್ಕಾರದ ವಶಕ್ಕೆ ಪಡೆಯಬಹುದು. ಅಗತ್ಯ ಕಂಡರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಪರವಾನಗಿ ಕೊಡಬಹುದು. ಎಷ್ಟು ಜನ ಕಾರ್ಯಕರ್ತರಿಗೆ ಈ ನಿಯಮ ಗೊತ್ತು? ಎಷ್ಟು ಜಿಲ್ಲಾಧಿಕಾರಿಗಳು ಇದನ್ನು ಓದಿದ್ದಾರೆ?

ಹಾಗಾದರೆ ಪ್ರತಿ ಗುಡಿಸಲಿಗೂ ಒಂದು ಕೋವಿ ಕೊಡಿ ಎಂದು ನಾವು ಕೇಳುತ್ತಿದ್ದೇವೆಯೇ? ಇಲ್ಲ. ಹಂದಿ ನಮ್ಮ ವೈರಿಯಲ್ಲ. ಅದರ ಕಾಡನ್ನು ಕಾಫಿಗೆ, ಟೀಗೆ, ಗಣಿಗೆ ಕಡಿದವರು ನಾವಲ್ಲ. ಕೋವಿಯ ಚರಿತ್ರೆ ನಮಗೆ ತೋರಿಸುವುದು ಭೂಮಿಯ ಚರಿತ್ರೆಯನ್ನು. ಭೂಮಿ ಇದ್ದವನಿಗೆ ಬೆಳೆಯ ಮೇಲೆ ಹಕ್ಕು, ಬೆಳೆಯ ಹಕ್ಕಿದ್ದವನಿಗೆ ಪ್ರಾಣಿಯ ಮೇಲೆ ಹಕ್ಕು, ಪ್ರಾಣಿಯನ್ನು ಕೊಲ್ಲುವ ಆಯುಧ ಇದ್ದವನಿಗೆ ಮನುಷ್ಯರ ಮೇಲೂ ಹಕ್ಕು. ಈ ಸರಪಳಿಯ ಮೊದಲ ಕೊಂಡಿ ಭೂಮಿ. ಆದ್ದರಿಂದ ಜಗಳ ಅಲ್ಲಿಂದಲೇ ಶುರುವಾಗಬೇಕು. ಬಗರ್ ಹುಕುಂ ಅರ್ಜಿಗಳು, 2006ರ ಅರಣ್ಯ ಹಕ್ಕು ಕಾಯಿದೆಯ ಅರ್ಜಿಗಳು ಇತ್ಯರ್ಥವಾಗಬೇಕು. ಬೆಳೆ ಪರಿಹಾರ ಪಹಣಿಯ ಹೆಸರಿಗೆ ಹೋಗದೆ ಬೆಳೆದವನ ಕೈಗೆ ಹೋಗಬೇಕು. ರಾತ್ರಿ ಹೊಲ ಕಾಯುವುದು ಕೆಲಸ ಎಂದು ಒಪ್ಪಿ ಅದಕ್ಕೆ ಕೂಲಿ ಕೊಡಬೇಕು. ಕಾಯುವಾಗ ಸತ್ತವನ ಮನೆಗೆ, ಅವನಿಗೆ ಜಮೀನಿತ್ತೋ ಇಲ್ಲವೋ ಎಂದು ಕೇಳದೆ, ಪರಿಹಾರ ಸಿಗಬೇಕು.

ಹಳ್ಳಿಯ ಮೇಷ್ಟ್ರುಗಳು, ವಿದ್ಯಾರ್ಥಿ ಗೆಳೆಯರು ನಾಳೆಯೇ ಮಾಡಬಹುದಾದ ಒಂದು ಕೆಲಸ ಇದೆ. 2005ರ ಮಾಹಿತಿ ಹಕ್ಕು ಕಾಯಿದೆಯ ಕೆಳಗೆ ನಿಮ್ಮ ಜಿಲ್ಲಾಧಿಕಾರಿ ಕಚೇರಿಗೆ ಹತ್ತು ರೂಪಾಯಿ ಕಟ್ಟಿ ಒಂದು ಅರ್ಜಿ ಹಾಕಿ. ಬೆಳೆ ರಕ್ಷಣೆಗೆಂದು ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಪರವಾನಗಿ ಇವೆ, ಅವು ಎಷ್ಟೆಷ್ಟು ಎಕರೆ ಇದ್ದವರಿಗೆ ಹೋಗಿವೆ, ಅವರಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಎಷ್ಟು, 1995ರ ನಿಯಮ ಎಷ್ಟು ಸಲ ಬಳಕೆಯಾಗಿದೆ ಎಂದು ಕೇಳಿ. ಉತ್ತರ ಬಂದರೆ ಅದನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿ. ಎರಡನ್ನೂ ಬರೆದಿಟ್ಟುಕೊಳ್ಳಿ. ನಮ್ಮ ಜನರ ಚರಿತ್ರೆಗೆ ಶಾಸನ ಬರೆಸುವ ಅರಸರು ಇರಲಿಲ್ಲ. ನಮ್ಮ ಕೈಯಲ್ಲಿ ಈಗ ಪೆನ್ನಿದೆ.